ಮದ್ದೂರಿನ ಸಂಘಕ್ಕೆ ನಾನು ಸೇರಿದ್ದು

ಮೇಷ್ಟ್ರಾಗುವವರಿಗೆ ಮನಶ್ಶಾಸ್ತ್ರ ಕಲಿಸುವವನು ಈ ಸೀಮೆಗೆಲ್ಲ ನಾನೊಬ್ಬನೇ ಎಂದುಕೊಂಡಿದ್ದೆ. ಅದೇ ಪಾಠ ಮಾಡುವ ಏಳೆಂಟು ಜನ ಮದ್ದೂರಿನಲ್ಲಿ ಸಂಘ ಕಟ್ಟಿದ್ದಾರೆಂದು ತಿಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. 'ಮಗು ಹೇಗೆ ಕಲಿಯುತ್ತದೆ' ಎಂಬ ಭಾಷಣ ಬರೆದುಕೊಂಡು, ಯುದ್ಧಕಾಲದಲ್ಲಿ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಮಂಡ್ಯದಿಂದ ಹೊರಟೇಬಿಟ್ಟೆ.

ಸಂಘಕ್ಕೆ ಹಿರಿಯರು ಮಳವಳ್ಳಿಯ ಖಾದರ್ ಮೇಷ್ಟ್ರು. ನಾನು ಭಾಷಣ ತೆಗೆಯುತ್ತಿದ್ದಂತೆಯೇ ತಡೆದರು.

"ಅದನ್ನ ಮಡಗಿ ಸ್ವಾಮಿ. ಇಲ್ಲಿ ಹೊಸಬರು ಮೊದ್ಲು ನಮ್ಮ ಮುಂದೆ ಏನಾರ ಕಲೀಬೇಕು. ನಿಮಗೇನು ಬರಾಕಿಲ್ಲ?"

"ಸೈಕಲ್ಲು" ಎಂದೆ, ಅಲ್ಲೆಲ್ಲೂ ಸೈಕಲ್ಲು ಕಾಣಿಸದ ಧೈರ್ಯದ ಮೇಲೆ.

ಗೋಡೆಯ ಮರೆಯಿಂದ ಖಾದರ್ ಮೇಷ್ಟ್ರ ಸೈಕಲ್ಲೇ ಬಂತು. ಪಂಚೆ ಎತ್ತಿ ಕಟ್ಟಿ ಹತ್ತಿದೆ. ಎಲ್ಲರೂ ಜೊತೆಗೇ ಓಡಿದರು.

"ಬುಡ್ರೀ ಕೈನ, ಬಿದ್ರೆ ತಾನೇ ಕಲಿಯೋದು!" ಎಂದರು ಒಬ್ಬರು.

"ಬ್ಯಾಡಿ, ಮೊದ್ಲು ಭಯ ಓಗ್ಲಿ, ಇಡ್ಕೊಳ್ಳಿ!" ಎಂದರು ಇನ್ನೊಬ್ಬರು.

ನಾನು ಇಷ್ಟು ವರ್ಷ ಒಬ್ಬನೇ ಹೇಳಿಕೊಂಡು ಬಂದ ಪಾಠಗಳೆಲ್ಲ ಏದುಸಿರು ಬಿಡುತ್ತ ನನ್ನ ಪಕ್ಕದಲ್ಲೇ ಓಡಿಬರುತ್ತಿದ್ದವು!

ಇದ್ದಕ್ಕಿದ್ದಂತೆ ಯಾರ ಕೈಯೂ ಇಲ್ಲ. ಸೈಕಲ್ಲು ಓಡುತ್ತಿದೆ, ಮೇಲೆ ನಾನೇ ಇದ್ದೇನೆ! ಖುಷಿಗೆ ಕೂಗಿಬಿಟ್ಟೆ. ಎದುರಿಗೆ ನಾಟಿಗೆ ಹದ ಮಾಡಿದ್ದ ಗದ್ದೆ ಕಂಡಾಗ ಇನ್ನೊಮ್ಮೆ ಕೂಗಿದೆ.

"ನಿಲ್ಸೋದು ಹೆಂಗ್ರೀ?"

ಯಾರಿಗೂ ಕೇಳಿಸಲಿಲ್ಲ. ನಾನು ಕಲಿತದ್ದು ಯಾರ ವಿಧಾನದಿಂದ ಎಂದು ಹಿಂದೆ ಜೋರು ಚರ್ಚೆ ನಡೆದಿತ್ತು.

ಕೆಸರು ಸುರಿಸುತ್ತ ವಾಪಸು ಬಂದವನನ್ನು ಚಪ್ಪಾಳೆ ತಟ್ಟಿ ಸಂಘಕ್ಕೆ ಸೇರಿಸಿಕೊಂಡರು. ನಿಲ್ಲಿಸುವುದನ್ನು ಕಲಿಸುವ ವಿಷಯ ಮುಂದಿನ ಸಭೆಗೆ ಹೋಯಿತು.