ಗೌರಮ್ಮ ಸಾಕಿದ ಮಣ್ಣು

ರಸ್ತೆ ಬದಿ ಗುಡಿಸಿಟ್ಟ ಎಲೆಗೆ ಯಾರಾದರೂ ಬೆಂಕಿ ಇಟ್ಟರೆ ನನ್ನ ಓರಗಿತ್ತಿ ಗೌರಮ್ಮ ಚಪ್ಪಲಿ ಕಾಲಲ್ಲೇ ತುಳಿದು ಆರಿಸೋಳು. ಆಮೇಲೆ ಬೈಗುಳ, ಆಮೇಲೆ ಗೋಣಿಚೀಲ. ಜಯನಗರದ ಎಲೆಯೆಲ್ಲ ಆಟೋ ಹತ್ತಿ ಅಂಜನಾಪುರದ ನಮ್ಮ ತುಂಡು ಜಮೀನಿಗೆ ಬರೋದು. ಅದು ಅವಳಿಗೂ ನನಗೂ ಸೇರಿದ್ದು. ನಮ್ಮ ಪಾಲಿಗೆ ಉಳಿದಿದ್ದೇ ಅಷ್ಟು.

ವರ್ಷಗಟ್ಟಲೆ ಬರೀ ಯೂರಿಯಾ ತಿಂದ ಮಣ್ಣು. ಮಳೆಗೆ ಹೆಪ್ಪುಗಟ್ಟೋದು, ಬಿಸಿಲಿಗೆ ಹೆಂಚಾಗೋದು. ಎಷ್ಟು ಚೆಲ್ಲಿದರೂ ಸೊಪ್ಪು ಮೊದಲಿನ ಹಾಗೆ ಏಳುತ್ತಿರಲಿಲ್ಲ.

"ಬರೀ ಕಾಫಿ ಕುಡಿಸಿ ಗೇಯಿಸ್ಕೊಂಡಂಗೆ ಕಣೇ ಇದು. ಹೊಟ್ಟೆಗೂ ಇಕ್ಕಬೇಕು," ಅನ್ನೋಳು.

ಅವಳ ಮಗ ರಮೇಶನಿಗೆ ಆ ಜಾಗ ಗಾಡಿ ನಿಲ್ಲಿಸೋಕೆ ಬಾಡಿಗೆಗೆ ಕೊಡೋ ಆಸೆ. "ಅಮ್ಮಾ, ಈ ಸಲ ಬೆಳೆ ಬರದಿದ್ರೆ ಜಲ್ಲಿ ಹೊಡಿಸ್ತೀನಿ," ಅಂದ.

ಗೌರಮ್ಮ ಅವಸರಕ್ಕೆ ಬಿದ್ದಳು. ಒಣ ಎಲೆ ಕೊಳೆಯೋಕೂ ಬಿಡದೆ ಮಣ್ಣಿಗೆ ಬೆರೆಸಿ ದಂಟು ಬಿತ್ತಿದಳು. ಪೈರೆಲ್ಲ ಹಳದಿ. ಎಲೆ ತಾನು ಕೊಳೆಯೋಕೆ ಮಣ್ಣಿನ ಸಾರ ಹೀರಿಕೊಂಡು ಪೈರನ್ನ ಉಪವಾಸ ಕೆಡವಿತ್ತು. ರಮೇಶ ನಕ್ಕ.

"ನಗಪ್ಪಾ. ಇನ್ನೊಂದು ಬೆಳೆ ತಡ್ಕೊ. ನಿನ್ನ ಮದುವೆಗೆ ನಾನು ಅದಕ್ಕಿಂತ ಜಾಸ್ತಿ ಕಾದಿದೀನಿ."

ಈ ಸಲ ಎಲೆ, ಸಗಣಿ ಗುಂಡಿಗೆ ಹಾಕಿ, ಕೈಗೆ ಮಣ್ಣಿನಂಗೆ ಸಿಗೋವರೆಗೂ ಕೊಳೆಸಿದಳು. ಬಿತ್ತುವಾಗ ಒಂಚೂರು ಯೂರಿಯಾನೂ ಎರಚಿದಳು.

"ಬೇಡ ಅಂತಿದ್ದೆ ಅಲ್ವೇನಕ್ಕಾ?" ಅಂದೆ.

"ಯೂರಿಯಾ ಏನು ನನ್ನ ಸವತಿಯೇನೇ? ಅದೊಂದನ್ನೇ ಇಕ್ಕಬೇಡಿ ಅಂದಿದ್ದು."

ದಂಟು ಮೊಣಕಾಲು ದಾಟಿತು. ಒಂದೊಂದು ಬೆಳೆಗೂ ಮಣ್ಣು ಕಪ್ಪಾಗ್ತಾ, ಪುಡಿಪುಡಿಯಾಗ್ತಾ ಬಂತು. ಜೆ.ಪಿ. ನಗರದ ಒಬ್ಬ ಮೇಡಂ ಕಾರು ನಿಲ್ಲಿಸಿ, "ಆರ್ಗಾನಿಕ್ಕಾ ಅಜ್ಜಿ?" ಅಂದರು.

"ಅಲ್ಲ ತಾಯಿ. ಯೂರಿಯಾನೂ ಬಿದ್ದಿದೆ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ."

ಕಾರು ಹೋಯಿತು. ರಮೇಶ ಹಣೆ ಚಚ್ಚಿಕೊಂಡ. ಇವಳು ಸೊಪ್ಪಿನ ಕಟ್ಟು ಕಟ್ಟೋದು ನಿಲ್ಲಿಸಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಳು. ನೋಡೋಕೆ ಹೋದರೆ ನನ್ನ ಆರೋಗ್ಯ ಕೇಳಲಿಲ್ಲ, ಗುಂಡಿಗೆ ನೀರು ಹಾಕಿದೆಯಾ ಅಂತ ಕೇಳಿದಳು. ಹಾಕಿದೀನಿ ಅಂದೆ. "ನಾನು ಕಣ್ಣು ಮುಚ್ಚಿದ್ರೆ ಇವನು ಜಲ್ಲಿ ತರಿಸ್ತಾನೆ."

"ತರಿಸ್ಲಿ. ನಾನು ಸತ್ತಿಲ್ಲವಲ್ಲ," ಅಂದೆ. ನಾವಿಬ್ಬರೂ ಅಳಲಿಲ್ಲ. ಅದೇ ಕೊನೆ.

ತಿಥಿ ಮುಗಿದ ವಾರಕ್ಕೇ ಲಾರಿ ಬಂತು. ನಾನು ಸೊಪ್ಪಿನ ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದೆ.

"ಚಿಕ್ಕಮ್ಮಾ, ಈಚೆ ಬನ್ನಿ," ಅಂದ ರಮೇಶ.

"ಮೆಂತ್ಯ ಬಿತ್ತಿದೀನಿ ಕಣೋ. ಕೀಳೋವರೆಗೂ ಕಾಯಿ. ಆಮೇಲೆ ದಂಟು ಬಿತ್ತೀನಿ. ಅದಕ್ಕೂ ಕಾಯಿ."