ಡಾಕ್ಟರ್ ರಾಜಗೋಪಾಲರ ಎರಡು ದಡಗಳು

ಹ್ಯೂಸ್ಟನ್ನಿನ ನಮ್ಮ ಭಾನುವಾರದ ಸತ್ಸಂಗದಲ್ಲಿ ಡಾಕ್ಟರ್ ರಾಜಗೋಪಾಲರ ಪಕ್ಕದಲ್ಲಿ ಯಾರೇ ಕುಳಿತರೂ ಅರ್ಧ ಗಂಟೆಯೊಳಗೆ ಸ್ಕಾಟ್ಲೆಂಡಿನ ಇನ್ವರ್‌ವೆನ್ ಎಂಬ ಪುಟ್ಟ ಊರನ್ನು ಸುತ್ತಿ ಬಂದಿರುತ್ತಿದ್ದರು. ಸಮುದ್ರ ಸೇರುವ ಮುನ್ನ ವೆನ್ ನದಿ ಆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ದನದ ವ್ಯಾಪಾರಿಗಳು ಮಂದೆಗಳನ್ನು ನೀರು ದಾಟಿಸುತ್ತಿದ್ದ ಆಳವಿಲ್ಲದ ಜಾಗದಲ್ಲಿ ಊರು ಹುಟ್ಟಿತು. ನಾರುಬಟ್ಟೆಯ ಗಿರಣಿಗಳು ಬಂದವು, ಮುಚ್ಚಿಹೋದವು. ಐದು ಕಮಾನಿನ ಕಲ್ಲುಸೇತುವೆಯ ಕಂಬದ ಮೇಲೆ ಪ್ರತಿಯೊಂದು ದೊಡ್ಡ ನೆರೆಯ ಎತ್ತರವನ್ನೂ ಇಸವಿಯೊಡನೆ ಕೆತ್ತಿದ್ದಾರೆ. ಮೈಸೂರಿನಿಂದ ಅಲ್ಲಿಗೆ ಹೋದ ತರುಣ ವೈದ್ಯ ರಾಜಗೋಪಾಲರಿಗೆ ಇದನ್ನೆಲ್ಲ ಕಲಿಸಿದವರು ರೋಗಿಗಳೇ. ಸಾಲ್ಮನ್ ಮೀನಿಗೆ ಬಲೆ ಬೀಸುವ ಮುದುಕರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಇವರು ಉಸಿರೆಳೆಯಲು ಹೇಳಿದರೆ, ಅವರು ತಮ್ಮ ಅಜ್ಜನ ಕಾಲದ ನೆರೆಯ ಕಥೆ ತೆಗೆಯುತ್ತಿದ್ದರಂತೆ.

ಪೂಜೆಗೆ ಮೊದಲು, ತಾನು ಯಾವ ನಾಡಿನಲ್ಲಿ, ಯಾವ ನದಿಯ ಯಾವ ದಡದಲ್ಲಿ ಕುಳಿತಿದ್ದೇನೆಂದು ಭಗವಂತನಿಗೆ ನಿವೇದಿಸುವುದೇ ಸಂಕಲ್ಪ. ಅಲ್ಲಿಗೆ ಹೋದ ಮೊದಲ ವರ್ಷ ರಾಜಗೋಪಾಲರು ಅಭ್ಯಾಸಬಲದಿಂದ ಗೋದಾವರಿಯ ದಕ್ಷಿಣ ತೀರ ಎಂದೇ ಹೇಳಿಬಿಟ್ಟರು. ಪತ್ನಿ ಕೃಷ್ಣವೇಣಿ ಅಲ್ಲೇ ತಡೆದರು.

“ರೀ, ಕಿಟಕಿ ತೆಗೆದು ನೋಡಿ. ಅಡ್ರೆಸ್ಸೇ ತಪ್ಪು ಕೊಟ್ರೆ ದೇವರು ಪಾಪ ಯಾವ ಮನೆಗೆ ಅಂತ ಹೋಗ್ಬೇಕು?”

ಅಂದಿನಿಂದ ಮೂವತ್ತೊಂದು ವರ್ಷ ಆ ಮನೆಯ ಸಂಕಲ್ಪದಲ್ಲಿ ವೆನ್ ನದಿಯ ದಕ್ಷಿಣ ತೀರವೇ ಮೊಳಗಿತು. ೨೦೧೨ರಲ್ಲಿ ಆ ಸಾಧ್ವಿ ಅಲ್ಲಿಯೇ ದೈವಾಧೀನರಾದರು. ಅವರ ಅಸ್ಥಿಯನ್ನು ಅದೇ ನದಿಯಲ್ಲಿ ವಿಸರ್ಜಿಸಲಾಯಿತು. ಆಮೇಲೆ ರಾಜಗೋಪಾಲರು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಬಳಿ ಇದ್ದ ಒಬ್ಬಳೇ ಮಗಳು ತುಳಸಿಯ ಮನೆಗೆ ಬಂದು ನೆಲೆಸಿದರು.

ಮೊದಲ ವರ್ಷದ ಶ್ರಾದ್ಧವನ್ನು ವೆನ್ ತೀರದಲ್ಲೇ ಮಾಡಬೇಕೆಂಬುದು ಅವರ ಹಟವಾಗಿತ್ತು. ಅವರ ಹೃದಯ ಅಷ್ಟು ದೂರದ ವಿಮಾನಪ್ರಯಾಣವನ್ನು ತಾಳದೆಂದು ಇಲ್ಲಿಯ ವೈದ್ಯರು ಖಂಡಿತವಾಗಿ ಹೇಳಿಬಿಟ್ಟರು. ಒಂದು ಭಾನುವಾರ ಭಜನೆ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಅವಳಿರೋದು ಆ ನೀರಲ್ಲಿ. ಇಲ್ಲಿ ಬಿಟ್ಟ ತರ್ಪಣ ಅವಳಿಗೆ ಹೇಗ್ರೀ ಮುಟ್ಟುತ್ತೆ?”

ಸರ್ವಾಂತರ್ಯಾಮಿಯಾದ ಪ್ರಭುವಿಗೆ ದೂರವೆಂಬುದಿಲ್ಲ ಎಂದು ನಾನು ನನಗೆ ತಿಳಿದಷ್ಟು ಹೇಳಿದೆ. ಅವರು ಗೌರವದಿಂದ ಕೇಳಿದರು. ಸಮಾಧಾನವಾಗಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಶ್ರಾದ್ಧದ ದಿನ ನಡುಮಧ್ಯಾಹ್ನ ನಾವು ಕೆಲವರು ತುಳಸಿಯ ಮನೆಯಲ್ಲಿ ಸೇರಿದ್ದೆವು. ಪುರೋಹಿತರು ದರ್ಭೆ ಕೊಟ್ಟು, ಯಾವ ನದಿಯನ್ನು ಹೇಳಲಿ ಎಂದು ಕೇಳಿದರು. ರಾಜಗೋಪಾಲರು ಕಣ್ಣು ಮುಚ್ಚಿಕೊಂಡೇ ವೆನ್ ಎಂದರು. ಪಕ್ಕದಲ್ಲಿದ್ದ ತುಳಸಿ ಸುಮ್ಮನಿರಲಿಲ್ಲ.

“ಅಪ್ಪ, ನಾವು ಕೂತಿರೋದು ಹ್ಯೂಸ್ಟನ್ನಲ್ಲಿ. ಅಮ್ಮ ಇದ್ದಿದ್ರೆ ಒಪ್ತಿದ್ಲಾ?”

“ಇಲ್ಲಿ ನದಿ ಎಲ್ಲಮ್ಮ ಇದೆ?”

“ಹಿತ್ತಿಲ ಬೇಲಿ ಆಚೆ ಇರೋದು ಮತ್ತೇನು? ಬಫಲೋ ಬಾಯೂ ಅನ್ನೋ ಹೊಳೆ.”

“ಅದು ಮಳೆನೀರಿನ ಚರಂಡಿ ಅಲ್ವಾ?”

“ಪೂರ್ವಕ್ಕೆ ಹರಿದು ಸಮುದ್ರ ಸೇರುತ್ತೆ ಅಪ್ಪ. ನಮ್ಮನೆ ಅದರ ಯಾವ ದಡದಲ್ಲಿದೆ? ನೀನೇ ಹೇಳು.”

ಇನ್ವರ್‌ವೆನ್ನಿನ ಒಂದೊಂದು ತಿರುವನ್ನೂ ಬಲ್ಲ ಆ ಹಿರಿಯರಿಗೆ ಉತ್ತರ ತಿಳಿಯಲಿಲ್ಲ. ಎಂಟು ತಿಂಗಳು ಆ ನೀರಿನ ಪಕ್ಕದಲ್ಲೇ ಮಲಗಿ ಎದ್ದಿದ್ದರೂ ಒಮ್ಮೆಯೂ ಬೇಲಿಯ ಬಾಗಿಲು ತೆರೆದವರಲ್ಲ. ಪುರೋಹಿತರ ಅನುಮತಿ ಪಡೆದು ಎದ್ದರು. ಮಡಿಪಂಚೆಯಲ್ಲೇ ಹಿತ್ತಿಲು ದಾಟಿದರು. ನಾವೆಲ್ಲ ಹಿಂದೆಯೇ ಹೋದೆವು.

ಸೂರ್ಯ ನೆತ್ತಿಯ ಮೇಲಿದ್ದುದರಿಂದ ದಿಕ್ಕು ತಿಳಿಯುವಂತಿರಲಿಲ್ಲ. ಕಂದುನೀರು ನಿಂತಂತೆಯೇ ಇತ್ತು. ಅವರು ಓಕ್ ಮರದ ಒಣಗಿದ ಎಲೆಯೊಂದನ್ನು ನೀರಿಗೆ ಬಿಟ್ಟರು. ಎಲೆ ಅಲ್ಲೇ ತಿರುಗಿತು, ಯೋಚಿಸುವಂತೆ ನಿಂತಿತು. ಕೊನೆಗೆ ನಿಧಾನವಾಗಿ ಎಡಕ್ಕೆ ಸರಿಯಿತು.

“ಎಡಗಡೆ ಪೂರ್ವ. ಹಾಗಾದ್ರೆ ನಮ್ಮದು ಉತ್ತರದ ದಡ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇದು ಸೇರೋದು ಯಾವ ಸಮುದ್ರ?” ಎಂದು ಕೇಳಿದರು.

“ಗಲ್ಫ್ ಆಫ್ ಮೆಕ್ಸಿಕೊ,” ಎಂದಳು ತುಳಸಿ.

ರಾಜಗೋಪಾಲರು ಎಲೆ ಹೋದ ದಿಕ್ಕಿಗೆ ಕಣ್ಣು ಹಾಯಿಸಿದರು. ಬಳಿಕ ನನ್ನ ಕಡೆ ತಿರುಗಿದರು. ಅಷ್ಟು ಉತ್ತರದಲ್ಲಿದ್ದರೂ ಇನ್ವರ್‌ವೆನ್ನಿನ ಕಡಲತೀರದಲ್ಲಿ ಹಿಮ ಹೆಚ್ಚು ದಿನ ನಿಲ್ಲುವುದಿಲ್ಲ. ಏಕೆಂದು ಅಲ್ಲಿಯ ಶಾಲಾ ಮೇಷ್ಟ್ರೊಬ್ಬರು ಒಮ್ಮೆ ವಿವರಿಸಿದ್ದರಂತೆ. ಈ ಗಲ್ಫಿನ ಬೆಚ್ಚನೆಯ ನೀರು ಅಟ್ಲಾಂಟಿಕ್ ದಾಟಿ ಆ ತೀರದವರೆಗೂ ಹೋಗುತ್ತದೆ.

“ಅಲ್ಲಿಗೆ ನೀರು ಇಲ್ಲಿಂದಾನೇ ಹೋಗೋದು ಕಣ್ರೀ,” ಎಂದರು. ನನ್ನ ಉಪದೇಶದಿಂದ ಆಗದ್ದನ್ನು ಭಗವಂತ ತನ್ನ ಸೃಷ್ಟಿಯ ಒಂದು ಪ್ರವಾಹದಿಂದಲೇ ಮಾಡಿಸಿದ.

ಒಳಗೆ ಬಂದು ಬಫಲೋ ಬಾಯೂವಿನ ಉತ್ತರ ತೀರವೆಂದು ಸ್ಪಷ್ಟವಾಗಿ ಸಂಕಲ್ಪಿಸಿದರು. ಪತ್ನಿಯ ಹೆಸರನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಊಟಕ್ಕೆ ಕುಳಿತಾಗ, ಬಾಯೂ ಹುಟ್ಟುವುದೆಲ್ಲಿ ಎಂದು ಮಗಳನ್ನು ವಿಚಾರಿಸಿದರು. ಆಕೆಗೆ ತಿಳಿದಿರಲಿಲ್ಲ.

“ಎಂಥ ಮಗಳಮ್ಮ ನೀನು,” ಎಂದು ಅವರು ವಡೆ ಮುರಿದರು. “ನಾಳೆ ಡ್ರೈವ್ ಮಾಡ್ಕೊಂಡು ಹೋಗಿ ನೋಡೋಣ. ಇನ್ನೊಂದು ವಡೆ ಹಾಕು.”