ಎರಡಕ್ಷರದ ಕುಚೇಷ್ಟೆ

ಲಬ್ಲಾಬಿ ಎಂಬ ಕಡಲೆಕಾಳಿನ ಸಾರನ್ನು ಫೋರ್ಕಿನಲ್ಲಿ ತಿನ್ನುವವರನ್ನು ಕಂಡರೆ ಟ್ಯೂನಿಸಿನ ಜನಕ್ಕೆ ಎಷ್ಟು ತಾತ್ಸಾರವೋ, ಮೌಸ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ಲಸ್ಸಾದನಿಗೂ ಅಷ್ಟೇ ತಾತ್ಸಾರ. ಅವನ ಸಂಸಾರವೆಲ್ಲ ಒಂದು ಕಪ್ಪು ಕಿಟಕಿಯೊಳಗೆ ನಡೆಯುತ್ತಿತ್ತು. ಅಲ್ಲಿ ಆಜ್ಞೆ ಬರೆಯಬೇಕು, ಕಂಪ್ಯೂಟರ್ ಪಾಲಿಸಬೇಕು. ಉದ್ದದ ಆಜ್ಞೆಗಳಿಗೆಲ್ಲ ಅವನು ಎರಡಕ್ಷರದ ಅಡ್ಡಹೆಸರು ಇಟ್ಟುಕೊಂಡಿದ್ದ. ಈ ಅಡ್ಡಹೆಸರುಗಳೆಲ್ಲ ಒಂದು ಕಡತದಲ್ಲಿರುತ್ತವೆ. ಕಿಟಕಿ ತೆರೆದಾಗಲೆಲ್ಲ ಕಂಪ್ಯೂಟರ್ ಮೊದಲು ಆ ಕಡತ ಓದಿಕೊಂಡು, ಆಮೇಲೆ ಒಡೆಯನ ಮಾತು ಕೇಳುತ್ತದೆ. ಹೀಗೆ ಅವನು ಉಳಿಸಿದ ಕ್ಷಣಗಳನ್ನೆಲ್ಲ ಕೂಡಿಸಿದರೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಆಗುತ್ತಿತ್ತು. ಅದನ್ನು ಉಳಿಸಲಿಕ್ಕೆ ಶನಿವಾರ ಭಾನುವಾರಗಳನ್ನು ಧಾರಾಳವಾಗಿ ಸುರಿದಿದ್ದ.

ಇಷ್ಟೊಂದು ಜಾಣನಾದರೂ ಅವನ ನೌಕರಿ ಕಾಯಂ ಆಗಿರಲಿಲ್ಲ. ತಾನು ಮೆಚ್ಚಿದ ಹುಡುಗಿ ಉಲ್ಫಾಳನ್ನು ಮದುವೆ ಮಾಡಿಕೊಡಿ ಎಂದು ಕೇಳಲು ಹೋದಾಗ ಅವಳ ತಂದೆ ಚಹಾ ಕೊಟ್ಟು, ಅದರೊಳಗೆ ಬಾದಾಮಿಯನ್ನೂ ಹಾಕಿ, "ಕಾಯಂ ಆದ್ಮೇಲೆ ಬಾ ಮಗನೇ" ಎಂದು ಕಳಿಸಿದ್ದರು. ಆ ಗುರುವಾರ ಮಧ್ಯಾಹ್ನ ಫ್ರಾನ್ಸಿನ ಲಿಯೋನಿನ ಗಿರಾಕಿಗಳು ಅವನ ಕೆಲಸ ನೋಡುವವರಿದ್ದರು. ಅವರ ಗ್ರಾಹಕರ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು ಮೂರು ಮೂರು ಸಲ ಬಂದಿತ್ತು. ಲಸ್ಸಾದ್ ವಾರವಿಡೀ ಕೂತು ಅದನ್ನು ಶುಚಿಗೊಳಿಸಿದ್ದ. ಅರ್ಧ ಕೆಲಸ ಆಜ್ಞೆಗಳಿಂದ, ಉಳಿದರ್ಧ ಒಂದೊಂದೇ ಹೆಸರನ್ನು ಕಣ್ಣಿಂದ ನೋಡಿ. ಅವರು ಮೆಚ್ಚಿದರೆ ಕಾಯಂ ಮಾಡುತ್ತೇನೆಂದು ಕಚೇರಿಯ ಮುಖ್ಯಸ್ಥೆ ಮದಾಮ್ ಜಲೀಲಾ ಮಾತು ಕೊಟ್ಟಿದ್ದರು.

ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಸ್ಕ್ರೀನಿಗೆ ಬೀಗ ಹಾಕದೆ ಎದ್ದು ಹೋದವನ ಕಂಪ್ಯೂಟರಿನಲ್ಲಿ ಉಳಿದವರು ಏನಾದರೊಂದು ಕುಚೇಷ್ಟೆ ಮಾಡಿಡಬಹುದು. ಸಿಕ್ಕಿಬಿದ್ದವನು ಎಲ್ಲರಿಗೂ ಬಂಬಲೂನಿ ಎಂಬ ಕರಿದ ಸಿಹಿತಿಂಡಿ ತರಿಸಬೇಕು. ಎಲ್ಲರಿಗಿಂತ ಹೆಚ್ಚು ತರಿಸಿದವರು, ಕಚೇರಿಯವರೆಲ್ಲ ಚಿಕ್ಕಪ್ಪ ಎಂದು ಕರೆಯುತ್ತಿದ್ದ ಹಿರಿಯ ಬೆಷೀರ್. ಎಲ್ಲರ ಕೆಲಸವೂ ಬಂದು ಸೇರುವ ಹಂಚಿಕೆಯ ಫೋಲ್ಡರನ್ನು ಕಾಯುವುದು, ಅಲ್ಲಿಂದ ಗಿರಾಕಿಗೆ ದಾಟಿಸುವುದು ಅವರ ಕೆಲಸ. ಎರಡೇ ಬೆರಳಲ್ಲಿ ಕುಟ್ಟುವರು, ಅಡ್ಡಹೆಸರು ಬಳಸರು, ಎಂಟರ್ ಒತ್ತುವ ಮುಂಚೆ ಪ್ರತಿ ಸಲವೂ ಬಿಸ್ಮಿಲ್ಲಾ ಅನ್ನುವರು.

ಅವತ್ತೂ ಅವರು ಸಿಗರೇಟಿಗೆಂದು ಎದ್ದು ಹೋದರು. ಸ್ಕ್ರೀನು ಬಾಯಿ ತೆರೆದುಕೊಂಡೇ ಇತ್ತು.

"ಈ ಮನುಷ್ಯ ಮನೆಗೂ ಬೀಗ ಹಾಕಲ್ಲ ಅಂತ ಕಾಣುತ್ತೆ," ಅಂದ ಪಕ್ಕದ ಮೇಜಿನ ನಿಝಾರ್.

"ಕದಿಯೋಕೆ ಏನಾದ್ರೂ ಇದ್ರೆ ತಾನೆ ಹಾಕೋದು," ಎನ್ನುತ್ತ ಲಸ್ಸಾದ್ ಆಗಲೇ ಅವರ ಕುರ್ಚಿಯಲ್ಲಿ ಕೂತಿದ್ದ.

ಫೋಲ್ಡರಿನೊಳಗೆ ಏನೇನಿದೆ ತೋರಿಸು ಎನ್ನುವುದಕ್ಕೆ ಎಲ್‌ಎಸ್ ಎಂಬ ಎರಡಕ್ಷರದ ಆಜ್ಞೆಯಿದೆ. ಈ ಕಸುಬಿಗೆ ಬಂದವನು ಕಲಿಯುವ ಮೊದಲನೇ ಮಾತು ಅದು. ಲಸ್ಸಾದ್ ಬೆಷೀರರ ಕಡತದಲ್ಲಿ ಒಂದು ಸಾಲು ಸೇರಿಸಿದ. ಇನ್ನು ಮೇಲೆ ಅವರು ಯಾವ ಫೋಲ್ಡರಿನಲ್ಲಿ ನಿಂತು ಎಲ್‌ಎಸ್ ಅಂದರೂ, ಮೂಲೆಯಲ್ಲಿಟ್ಟ ಒಂದು ಖಾಲಿ ಫೋಲ್ಡರನ್ನೇ ಕಂಪ್ಯೂಟರ್ ತೋರಿಸಬೇಕು. ಹೊಸ ಕಿಟಕಿಯೊಂದನ್ನು ತೆರೆದಿಟ್ಟು ತನ್ನ ಜಾಗಕ್ಕೆ ಬಂದು, ಸಭ್ಯನಂತೆ ಮುಖ ಮಾಡಿಕೊಂಡ.

ಬೆಷೀರ್ ಬಂದು ಕೂತರು. ಬಿಸ್ಮಿಲ್ಲಾ ಅಂದರು. ಎರಡಕ್ಷರ ಕುಟ್ಟಿದರು. ಏನೂ ಬರಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಕುಟ್ಟಿದರು.

"ಏನಾಯ್ತು ಚಿಕ್ಕಪ್ಪ?" ನಿಝಾರ್ ಕೇಳಿದ.

"ಹಂಚಿಕೆಯ ಫೋಲ್ಡರ್ ಖಾಲಿ ತೋರಿಸ್ತಿದೆ ಕಣೋ."

"ಚಿಕ್ಕಮ್ಮನ ಕನ್ನಡಕ ಹಾಕ್ಕೊಂಡು ಬಂದಿರ್ಬೇಕು ನೋಡಿ."

"ಇಲಿ ತಿಂದಿರುತ್ತೆ," ಅಂದ ಲಸ್ಸಾದ್. "ಮೊನ್ನೆ ಸರ್ವರ್ ಕೋಣೇಲಿ ಒಂದನ್ನ ನೋಡ್ದೆ. ಒಳ್ಳೆ ಓದುಬರಹ ಬಲ್ಲ ಹಾಗಿತ್ತು."

ಬೆಷೀರ್ ನಗಲಿಲ್ಲ. ಅವರ ಕಿವಿ ಕೆಂಪಾಗಿತ್ತು, ಬೆರಳು ಕೀಲಿಗಳ ಮೇಲೆ ತಡಕಾಡುತ್ತಿತ್ತು. ಇನ್ನೊಂದು ಸಲ ಕನ್ನಡಕ ಒರೆಸಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ ಲಸ್ಸಾದ್. ಒರೆಸಿದರು. ಇನ್ನೊಂದೇ ಸಲ ಎಂದುಕೊಂಡ. ನಿಝಾರ್ ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಬಿತ್ತೆಂಬಂತೆ ಬಗ್ಗಿದ್ದ.

ಫೋಲ್ಡರ್ ಖಾಲಿಯಾದರೆ ಯೋಚಿಸುತ್ತ ಕೂರಬೇಡಿ, ಶನಿವಾರ ಶನಿವಾರ ತೆಗೆದಿಡುವ ಬ್ಯಾಕಪ್ ಪ್ರತಿಯನ್ನು ಮರಳಿ ಹಾಕಿ ಎಂಬುದು ಮದಾಮ್ ಜಲೀಲಾರ ಕಟ್ಟಪ್ಪಣೆ. ಬೆಷೀರ್ ಅಪ್ಪಣೆ ಮೀರಿದವರಲ್ಲ. ಬಿಸ್ಮಿಲ್ಲಾ ಅಂದು ಎಂಟರ್ ಒತ್ತಿದರು. ಕಪ್ಪು ಕಿಟಕಿಯಲ್ಲಿ ಸಾಲುಗಳು ಮಳೆ ಬಂದಂತೆ ಸುರಿದವು.

ಲಸ್ಸಾದ್ ಕುರ್ಚಿಯಿಂದ ಎದ್ದ. "ಏನು ಒತ್ತಿದ್ರಿ ಚಿಕ್ಕಪ್ಪ?"

"ಹೆದರ್ಬೇಡ ಮಗನೇ. ಹೋದ ಶನಿವಾರದ ಪ್ರತಿ ತರಿಸ್ತಿದೀನಿ. ನಿನ್ನ ಕೆಲಸ ಇದೆ ಅಂತಾನೇ ಅವಸರ ಮಾಡ್ದೆ."

ವಾರವಿಡೀ ಮಾಡಿದ್ದೆಲ್ಲ ಆ ಫೋಲ್ಡರಿನಲ್ಲಿ ಮಾತ್ರ ಇತ್ತು. ಬೇರೆ ಪ್ರತಿ ಇರಲಿಲ್ಲ. ಪ್ರತಿ ಇಟ್ಟುಕೊಳ್ಳುವುದು ಹೆದರುಪುಕ್ಕಲರ ಲಕ್ಷಣ ಎಂದು ಹೊಸಬರಿಗೆ ಉಪದೇಶ ಮಾಡಿದವನು ಅವನೇ. ಶನಿವಾರದ ಹಳೆಯ ಪಟ್ಟಿ ಅದನ್ನು ಅಳಿಸಿ ಅದರ ಜಾಗದಲ್ಲಿ ಬಂದು ಕೂತಿತು.

ಮಧ್ಯಾಹ್ನ ಲಿಯೋನಿನವರು ಪರದೆಯ ಮೇಲಿನ ಪಟ್ಟಿಯಲ್ಲಿ ಕಂಡದ್ದು ಒಬ್ಬನೇ ಬೇಕರಿಯವನ ಹೆಸರನ್ನು ಮೂರು ಸಲ. ನಯವಾಗಿ ವಂದನೆ ಹೇಳಿ ಮಾಯವಾದರು. ಮದಾಮ್ ಜಲೀಲಾ ಬೆಷೀರರನ್ನೂ ಲಸ್ಸಾದನನ್ನೂ ಒಳಗೆ ಕರೆದರು.

"ಫೋಲ್ಡರ್ ಖಾಲಿ ಇತ್ತು ಅಂದ್ರಲ್ಲ ಬೆಷೀರ್ ಅವರೇ? ಸರ್ವರ್ ದಾಖಲೆ ನೋಡ್ದೆ. ಒಂದು ಕ್ಷಣಾನೂ ಖಾಲಿ ಆಗಿಲ್ಲ. ನಿಮಗೆ ಹಾಳಾಗಿರೋದು ಕಣ್ಣೋ ತಲೆಯೋ?"

ಲಸ್ಸಾದ್ ನೆಲದ ಹಾಸುಗಲ್ಲು ನೋಡುತ್ತಿದ್ದ. ಇದು ಯಾರದೋ ಕುಚೇಷ್ಟೆ ಎಂದು ಬೆಷೀರ್ ಈಗ ಹೇಳಿಬಿಡುತ್ತಾರೆ ಎಂದುಕೊಂಡ.

"ವಯಸ್ಸಾಯ್ತು ಮದಾಮ್," ಅಂದರು ಬೆಷೀರ್.

"ಹಾಗಾದ್ರೆ ಮನೇಲಿ ಕೂತು ವಿಶ್ರಾಂತಿ ತಗೊಳ್ಳಿ. ನಾಳೆಯಿಂದಲೇ."

ಅವರು ಹೋದ ಮೇಲೆ ಮದಾಮ್ ಲಸ್ಸಾದನತ್ತ ತಿರುಗಿದರು. "ನಿನ್ನದೇನೂ ತಪ್ಪಿಲ್ಲ. ಆದ್ರೆ ಲಿಯೋನಿನ ಕೆಲಸ ಕೈತಪ್ಪಿ ಹೋಯ್ತು, ನಿನ್ನ ಗುತ್ತಿಗೆನೂ ಅದ್ರ ಜೊತೆಗೇ ಮುಗೀತು. ಈಗ ಖಾಲಿ ಇರೋದು ಇವರ ಜಾಗ ಒಂದೇ. ಕಾಯಂ. ಬೇಕಾ?"

"ಬೇಕು," ಎಂದ. ಯೋಚಿಸಿ ಹೇಳುತ್ತೇನೆ ಅನ್ನಬಹುದಿತ್ತು ಎಂದು ಹೊರಗೆ ಬಂದ ಮೇಲೆ ಹೊಳೆಯಿತು.

ಮೊದಲು ಮಾಡಿದ ಕೆಲಸ, ಗುರುತು ಅಳಿಸಲು ಬೆಷೀರರ ಮೇಜಿಗೆ ಹೋದದ್ದು. ಕಡತ ತೆರೆದ. ಅವನು ಬರೆದ ಸಾಲು ಅಲ್ಲಿರಲಿಲ್ಲ. ನಿಝಾರ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಂದೂ ಇಲ್ಲದ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದ.

ಬೆಷೀರ್ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಿನ ಬಳಿ ಒಂದು ಪ್ಲಾಸ್ಟಿಕ್ ಚೀಲ. ಸಿಗರೇಟು ಹಚ್ಚಿರಲಿಲ್ಲ.

"ಸಾಲು ಹುಡುಕ್ತಿದ್ದೆಯಾ? ನಾನೇ ತೆಗ್ದೆ."

"ಯಾವಾಗ ಗೊತ್ತಾಯ್ತು?"

"ಪ್ರತಿ ಹಾಕಿದ್ಮೇಲೂ ಖಾಲೀನೇ ತೋರಿಸ್ತಲ್ಲ, ಆಗ."

"ಮತ್ತೆ ಮದಾಮ್‌ಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹಸುಗೂಸಿಗೆ ಕಲಿಸೋ ಎರಡಕ್ಷರದಲ್ಲಿ ಮೋಸ ಹೋದೆ ಅಂತಲಾ? ಮುದುಕ, ಕಣ್ಣು ಮಂಜು ಅಂದ್ರೆ ಇನ್ನೊಂದು ಕಡೆ ಕರುಣೆಯಿಂದಾದ್ರೂ ಕೂರಿಸ್ಕೋತಾರೆ. ಕತ್ತೆ ಅಂತ ಹೆಸರು ಬಿದ್ರೆ ಮುಗೀತು. ಈ ಊರಲ್ಲಿರೋ ಕಂಪನಿಗಳೆಲ್ಲ ಒಂದೇ ಕಾಫಿ ಅಂಗಡೀಲಿ ಕೂತು ಮಾತಾಡ್ತವೆ. ಎಲ್ರೂ ನಗ್ತಾರೆ."

"ಚಿಕ್ಕಪ್ಪ, ಅದು—"

"ಯಾರು ಬರೆದಿದ್ದು ಅಂತ ನಾನು ಕೇಳ್ಲಿಲ್ಲ. ನೀನು ಹೇಳಬೇಕು ಅನ್ಸಿದ್ರೆ ಮೇಲೆ ಹೋಗಿ ಮದಾಮ್‌ಗೆ ಹೇಳು. ನನಗೆ ಬೇಡ."

ಲಸ್ಸಾದ್ ಒಂದು ಮೆಟ್ಟಿಲು ಹತ್ತಿದ. ನಿಂತ. ಇಳಿದ. ಏನಾದರೂ ಹೇಳಲೇಬೇಕಿತ್ತು. ಕೊನೆಗೆ ಬಾಯಿಂದ ಹೊರಬಿದ್ದದ್ದನ್ನು ಕೇಳಿ ಅವನಿಗೇ ಅಚ್ಚರಿಯಾಯಿತು.

"ಗಿರಾಕಿಗೆ ದಾಟಿಸೋ ಕಂಪ್ಯೂಟರಿಗೆ ಪಾಸ್‌ವರ್ಡ್ ಏನು ಚಿಕ್ಕಪ್ಪ? ನಾಳೆಯಿಂದ ನಾನೇ ನೋಡ್ಕೋಬೇಕಂತೆ."

ಬೆಷೀರ್ ತಲೆಯೆತ್ತಿ ಅವನನ್ನು ನೋಡಿದರು. ಅಂದು ಮೊದಲ ಸಲ ಅವರಿಗೆ ನಗು ಬಂತು. ಆಮೇಲೆ ಒಂದೊಂದೇ ಅಕ್ಷರವಾಗಿ, ಮಗುವಿಗೆ ಹೇಳಿಕೊಡುವಂತೆ, ಹೇಳಿದರು. ಲಸ್ಸಾದ್ ಒಪ್ಪಿಸಿದ. ಒಂದು ಕಡೆ ತಪ್ಪಿದ, ಅವರು ತಿದ್ದಿದರು.

ಮೆಟ್ಟಿಲು ಹತ್ತುವಾಗ ಮರೆತು ಹೋಗದಿರಲೆಂದು ಅದನ್ನೇ ಬಾಯಿಪಾಠ ಮಾಡುತ್ತ ಹೋದ. ಬೇರೇನೂ ಮನಸ್ಸಿಗೆ ಬರದಷ್ಟು ಉದ್ದವಾಗಿತ್ತು ಅದು.